ಮಣ್ಣಿನ ಕಾವು ಹಾರದ ಹಾಗೆ: ಫ್ರಾಸ್ಟ್ ರಾತ್ರಿಗಳಲ್ಲಿ ಮಡಿ ಮುಚ್ಚುವ ಬಗೆ

2020ರ ಮೇ ತಿಂಗಳು, ಲಾಕ್‌ಡೌನ್ ಸಮಯ. ಮನೆಯಲ್ಲೇ ಕೂತು ಕೂತು ಬೇಜಾರಾಗಿ ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ 4 ಅಡಿ ಅಗಲ, 8 ಅಡಿ ಉದ್ದದ ಎರಡು ಮರದ ಚೌಕಟ್ಟು ಜೋಡಿಸಿ ಮಣ್ಣು ತುಂಬಿದ್ದೆ. ಇಲ್ಲಿಯವರು ಇದನ್ನು ರೈಸ್ಡ್ ಬೆಡ್ ಅನ್ನುತ್ತಾರೆ. ನಮ್ಮ ಮಲೆನಾಡಲ್ಲಿ ಶುಂಠಿಗೆ ಮಾಡುವ ಏರುಮಡಿಗೆ ನಾಲ್ಕು ಕಡೆ ಹಲಗೆ ಹೊಡೆದರೆ ಹೇಗಿರುತ್ತದೋ ಹಾಗೆ, ಅಷ್ಟೇ. ಮೇ ಮೊದಲ ಶನಿವಾರ, ಭಾನುವಾರ ಒಳ್ಳೆ ಬಿಸಿಲು. ಅಂಗಡಿಯಲ್ಲಿ ಟೊಮೆಟೊ ಸಸಿ ಸಾಲಾಗಿ ಜೋಡಿಸಿಟ್ಟಿದ್ದರು. ಮಾರುತ್ತಿದ್ದಾರೆ ಅಂದಮೇಲೆ ನೆಡುವ ಕಾಲ ಬಂದಿರಬೇಕು ಅಂದುಕೊಂಡೆ. ಎಂಟು ಟೊಮೆಟೊ, ನಾಲ್ಕು ಮೆಣಸಿನ ಸಸಿ ತಂದು ನೆಟ್ಟೆ.

ಮುಂದಿನ ವಾರಾಂತ್ಯ ಮದರ್ಸ್ ಡೇ. ಉತ್ತರ ಧ್ರುವದ ಕಡೆಯಿಂದ ಇಳಿದ ಚಳಿಗಾಳಿ ಅಮೆರಿಕದ ಈಶಾನ್ಯ ಭಾಗವನ್ನೆಲ್ಲ ನಡುಗಿಸಿತು. ಮೇ 9ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೂ ಹಿಮದ ಹಳಕು ಕಂಡಿತು. ನಾನು ಹಳೆಯ ಬೆಡ್‌ಶೀಟ್ ಹರಿದು, ಒಂದೊಂದು ಟೊಮೆಟೊ ಸಸಿಗೂ ಮುಸುಕು ಹಾಕಿ, ಬುಡದ ಹತ್ತಿರ ದಾರ ಬಿಗಿದು ಕಟ್ಟಿದೆ. ಮೆಣಸಿನ ಸಸಿಗೆ ಬಟ್ಟೆ ಸಾಲಲಿಲ್ಲ. ಒಂದು ಗ್ಯಾಲನ್ ಹಾಲಿನ ಖಾಲಿ ಕ್ಯಾನಿನ ತಳ ಕತ್ತರಿಸಿ, ಟೋಪಿಯ ಹಾಗೆ ಕವುಚಿ ಹಾಕಿ ಮಲಗಿದೆ.

ಬೆಳಗ್ಗೆ ಮುಸುಕು ತೆಗೆದು ನೋಡಿದರೆ ಟೊಮೆಟೊ ಎಲ್ಲ ಕಪ್ಪಗೆ, ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದೆ. ಮೆಣಸಿನ ಸಸಿಗಳು ಮಾತ್ರ ಹಾಲಿನ ಕ್ಯಾನಿನೊಳಗೆ ಏನೂ ಆಗದವರ ಹಾಗೆ ನಿಂತಿವೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. “ಅಲ್ಲ ಕಣೋ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚೋದು ಬಿಟ್ಟು ಅಗಳಿಗೆಲ್ಲ ಬಟ್ಟೆ ಸುತ್ತಿದ ಹಾಗಾಯ್ತಲ್ಲ” ಅಂದರು. ಅವರು ತಮಾಷೆಗೆ ಅಂದದ್ದು. ಆದರೆ ವಿಷಯ ಪೂರ್ತಿ ಅಲ್ಲೇ ಇದೆ.

ರಾತ್ರಿ ಮಡಿಯಲ್ಲಿ ಏನಾಗುತ್ತದೆ

ನಾವು ಕಂಬಳಿ ಹೊದ್ದರೆ ಬೆಚ್ಚಗಾಗುವುದು ನಮ್ಮ ಮೈಯಲ್ಲೇ ಶಾಖ ಹುಟ್ಟುತ್ತದೆ ಅನ್ನುವ ಕಾರಣಕ್ಕೆ. ಟೊಮೆಟೊ ಸಸಿಗೆ ಅಂಥ ಶಾಖ ಇಲ್ಲ. ಅದನ್ನು ಎಷ್ಟು ಸುತ್ತಿದರೂ ಒಳಗೆ ಕಾಯಿಸುವ ಒಲೆಯೇ ಇಲ್ಲ. ಆ ರಾತ್ರಿ ಹಿತ್ತಲಲ್ಲಿ ಇರುವ ಒಂದೇ ಒಲೆ ಅಂದರೆ ಮಣ್ಣು. ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಆ ಕಾವನ್ನು ನಿಧಾನವಾಗಿ ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದೇ ಒಂದು ದೊಡ್ಡ ಮುಚ್ಚಳ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿಯಲ್ಲಿ ಕಾವು ನೇರ ಆಕಾಶಕ್ಕೆ ಹಾರಿಹೋಗುತ್ತದೆ. ನೆಲದ ಹತ್ತಿರದ ಗಾಳಿ ಎಲ್ಲಕ್ಕಿಂತ ತಣ್ಣಗಾಗುತ್ತದೆ. ಎಲೆಯ ಮೇಲೆ ಇಬ್ಬನಿ ಬದಲು ಹಿಮದ ಹರಳು ಕೂರುತ್ತದೆ. ಇದೇ ಫ್ರಾಸ್ಟ್.

ಕನ್ನಡದಲ್ಲಿ ಇದಕ್ಕೆ ದಿನಬಳಕೆಯ ಒಂದು ಪದ ಇದ್ದಿದ್ದರೆ ಚೆನ್ನಾಗಿತ್ತು. ಮಂಜು ಅಂದರೆ ಕಾವಳವೂ ಹೌದು, ಇಬ್ಬನಿಯೂ ಹೌದು, ಹಿಮವೂ ಹೌದು. ಊಟಿಯಲ್ಲಿ ಚಳಿಗಾಲದ ಬೆಳಗ್ಗೆ ಹುಲ್ಲು ಬೆಳ್ಳಗಾಗಿರುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಅದೇ ಇದು. ಇಲ್ಲಿ ಫ್ರಾಸ್ಟ್ ಅಂತಲೇ ಬರೆಯುತ್ತೇನೆ.

ಸಸಿಯನ್ನು ಕೊಲ್ಲುವುದು ಎಲೆ ಮೇಲಿನ ಬಿಳಿ ಪುಡಿ ಅಲ್ಲ. ಎಲೆಯೊಳಗೆ, ಕೋಶಗಳ ಸಂದಿಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅದು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಕೋಶದ ಪೊರೆ ಹಾಳಾಗುತ್ತದೆ. ಬಿಸಿಲು ಬಂದು ಕರಗಿದಾಗ ಎಲೆ ನೀರೂರಿ ಕಪ್ಪಾಗಿ ಜೋಲುತ್ತದೆ.

ನಾನು ಬುಡಕ್ಕೆ ದಾರ ಕಟ್ಟಿದಾಗ ಮಣ್ಣಿನ ಕಾವು ಸಸಿಗೆ ಮುಟ್ಟದ ಹಾಗೆ ನಾನೇ ಬಾಗಿಲು ಹಾಕಿದ್ದೆ. ಹಾಲಿನ ಕ್ಯಾನಿನ ಕತ್ತರಿಸಿದ ತಳ ಮಣ್ಣಿನ ಮೇಲೇ ಕೂತಿತ್ತು. ಒಳಗೆ ಮಣ್ಣೂ ಸಸಿಯೂ ಒಟ್ಟಿಗಿದ್ದವು. ಕೆಳಗೆ ಹೇಳುವ ಎಲ್ಲ ಕೆಲಸವೂ ಇದೊಂದಕ್ಕಾಗಿ: ಮಣ್ಣಲ್ಲಿ ಕಾವು ತುಂಬುವುದು, ಅದು ಹಾರದ ಹಾಗೆ ಮುಚ್ಚುವುದು.

ಏರುಮಡಿಯ ಗುಣವೂ ದೋಷವೂ ಇದರಲ್ಲೇ ಇದೆ. ನೀರು ಬೇಗ ಬಸಿದು ಹೋಗುವುದರಿಂದ ಮಾರ್ಚ್‌ನಲ್ಲಿ ನೆಲಕ್ಕಿಂತ ಮೊದಲೇ ಬೆಚ್ಚಗಾಗುತ್ತದೆ, ಬೇಗ ಬಿತ್ತಬಹುದು. ಆದರೆ ನಾಲ್ಕು ಬದಿಯೂ ಗಾಳಿಗೆ ತೆರೆದಿರುವುದರಿಂದ ರಾತ್ರಿ ಬೇಗ ತಣ್ಣಗಾಗುತ್ತದೆ. ಎತ್ತರ ಜಾಸ್ತಿ ಇದ್ದು ಅಗಲ ಕಮ್ಮಿ ಇದ್ದರೆ ಇನ್ನೂ ಬೇಗ. ಅಂಚಿನ ಸಸಿಗಳಿಗೆ ಮೊದಲು ಪೆಟ್ಟು. ಹಾಗಾಗಿ ನಾಜೂಕಿನ ಸಸಿಗಳನ್ನು ನಡುವೆ ನೆಡಿ, ಅಂಚಿಗೆ ಈರುಳ್ಳಿ, ಪಾಲಕ್ ಇರಲಿ.

ನಿಮ್ಮ ಊರಿನ ತಾರೀಖು ತಿಳಿದುಕೊಳ್ಳಿ

ಹೊಸಬರಿಗೆ ಇಲ್ಲೇ ಮೊದಲ ಗೊಂದಲ. “ನಾವು ಝೋನ್ 7, ಏಪ್ರಿಲ್‌ನಲ್ಲಿ ನೆಡಬಹುದು ಅಲ್ವಾ?” ಅಂತ ಕೇಳುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಝೋನ್ ನಕ್ಷೆ ಹೇಳುವುದು ಚಳಿಗಾಲದ ಅತಿ ಕಡಿಮೆ ಉಷ್ಣತೆಯ ಸರಾಸರಿಯನ್ನು. ಗುಲಾಬಿ, ಅಂಜೂರದಂಥ ಗಿಡ ಚಳಿಗಾಲ ದಾಟುತ್ತದಾ ಅಂತ ನೋಡಲು ಅದು ಬೇಕು. 2023ರಲ್ಲಿ ಹೊಸ ನಕ್ಷೆ ಬಂದಾಗ ಎಷ್ಟೋ ಊರುಗಳು ಅರ್ಧ ಝೋನ್ ಮೇಲಕ್ಕೆ ಹೋದವು. ಹಾಗಂತ ವಸಂತದ ಕೊನೆಯ ಫ್ರಾಸ್ಟ್ ಬೇಗ ಮುಗಿಯುತ್ತದೆ ಅಂತ ಅರ್ಥ ಅಲ್ಲ. ನಿಮಗೆ ಬೇಕಾದದ್ದು ಕೊನೆಯ ಫ್ರಾಸ್ಟಿನ ಸರಾಸರಿ ತಾರೀಖು. ಪಿನ್ ಕೋಡ್ ಇದ್ದ ಹಾಗೆ ಇಲ್ಲಿ ಜಿಪ್ ಕೋಡ್ ಇದೆಯಲ್ಲ, ಅದನ್ನು ಹಾಕಿ ಹುಡುಕಿದರೆ ಸಿಗುತ್ತದೆ.

ನ್ಯೂಜೆರ್ಸಿಯಲ್ಲೇ ಇದು ಊರಿಂದ ಊರಿಗೆ ಬೇರೆ. ಸಮುದ್ರದ ಹತ್ತಿರ ಏಪ್ರಿಲ್‌ನಲ್ಲೇ ಮುಗಿದರೆ, ವಾಯವ್ಯದ ಗುಡ್ಡಗಾಡಿನಲ್ಲಿ ಮೇ ಮಧ್ಯದವರೆಗೂ ಭಯ ಇರುತ್ತದೆ. ಇನ್ನು ಸರಾಸರಿ ಅಂದರೆ ಸರಾಸರಿ, ಕೆಲವು ವರ್ಷ ಅದಾದ ಮೇಲೂ ಫ್ರಾಸ್ಟ್ ಬೀಳುತ್ತದೆ. ಸಂಕ್ರಾಂತಿ ಕಳೆದಮೇಲೂ ಒಂದು ವಾರ ಚಳಿ ಹೊಡೆಯುವುದಿಲ್ಲವೇ, ಹಾಗೆ. ಇಲ್ಲಿನ ಹಳಬರು ಟೊಮೆಟೊ ಸಸಿಯನ್ನು ಮದರ್ಸ್ ಡೇ ತನಕ ಹೊರಗಿಡುವುದಿಲ್ಲ. ಅದು ಮೇ ಎರಡನೇ ಭಾನುವಾರ. ಕೆನಡಾದ ಟೊರಾಂಟೊ ಕಡೆ ಇರುವವರು ಮೇ 24ರ ಆಸುಪಾಸಿನ ವಿಕ್ಟೋರಿಯಾ ಡೇಗೆ ಕಾಯುತ್ತಾರೆ. ಜರ್ಮನಿಯವರು ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮದ ಸಂತರ ದಿನಗಳು ಅಂತ ಕರೆದು, ಅದು ಕಳೆಯುವವರೆಗೆ ನಾಜೂಕಿನ ಸಸಿಗಳನ್ನು ಹೊರಗೆ ನೆಡುವುದಿಲ್ಲ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದ ಹಾಗೆಯೇ ಇದೂ.

ಹಿತ್ತಲೊಳಗೂ ವ್ಯತ್ಯಾಸ ಇದೆ. ತಂಪು ಗಾಳಿ ಭಾರ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮಡಿಯನ್ನು ತಗ್ಗಿನಲ್ಲಿ, ಬೇಲಿಯ ಮೂಲೆಯಲ್ಲಿ ಮಾಡಬೇಡಿ. ಮನೆಯ ದಕ್ಷಿಣದ ಗೋಡೆಗೆ ಹತ್ತಿರ ಇದ್ದರೆ ಗೋಡೆಯೂ ರಾತ್ರಿ ಸ್ವಲ್ಪ ಕಾವು ಕೊಡುತ್ತದೆ.

ಎಲ್ಲಕ್ಕೂ ಮುಚ್ಚಬೇಕಾಗಿಲ್ಲ

ಬಟಾಣಿ, ಪಾಲಕ್, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಎಲೆಕೋಸು, ನವಿಲುಕೋಸು, ಕೇಲ್ ಇವೆಲ್ಲ ಚಳಿ ತಡೆಯುವ ಜಾತಿ. ಬಟಾಣಿಯನ್ನು ಸೇಂಟ್ ಪ್ಯಾಟ್ರಿಕ್ಸ್ ಡೇ, ಅಂದರೆ ಮಾರ್ಚ್ 17ಕ್ಕೇ ಬಿತ್ತುವ ರೂಢಿ ಇಲ್ಲಿದೆ. ಮಣ್ಣು 40 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದಕ್ಕೆ ಸಾಕು. (ಮುಂದೆಯೂ ಬರೀ ಡಿಗ್ರಿ ಅಂದರೆ ಫ್ಯಾರನ್‌ಹೀಟೇ.) ಚಳಿಗೆ ಪಳಗಿದ ಎಲೆಕೋಸಿನ ಸಸಿ 28 ಡಿಗ್ರಿಯಲ್ಲೂ ಉಳಿಯುತ್ತದೆ. ಕೊತ್ತಂಬರಿಯೂ ಸಣ್ಣ ಫ್ರಾಸ್ಟಿಗೆ ಜಗ್ಗುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮೂರಿನ ಬೇಸಿಗೆಗಿಂತ ಇಲ್ಲಿನ ಏಪ್ರಿಲ್ ಚಳಿಯೇ ಕೊತ್ತಂಬರಿಗೆ ಇಷ್ಟ. ಮೆಂತ್ಯ ತಂಪು ಹವೆಯಲ್ಲಿ ಚೆನ್ನಾಗಿ ಬರುತ್ತದೆ, ಆದರೂ ಎಳೆಯದಿದ್ದಾಗ ನಾನು ಮುಚ್ಚುತ್ತೇನೆ. ಆಲೂಗಡ್ಡೆಯ ಎಲೆ ಸುಟ್ಟರೂ ಕೆಳಗಿನಿಂದ ಮತ್ತೆ ಚಿಗುರುತ್ತದೆ.

ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್, ಸೌತೆ, ಹೀರೆ, ಹಾಗಲ, ಪಡವಲ, ಸೋರೆ, ಬೆಂಡೆ, ದಂಟು, ಬಸಳೆ: ಇವು ನಮ್ಮ ಹಾಗೆ ಬೆಚ್ಚಗಿನ ಊರಿನವು. ಫ್ರಾಸ್ಟ್ ಬಿದ್ದರೆ ಒಂದೇ ರಾತ್ರಿಗೆ ಸತ್ತವು. ಫ್ರಾಸ್ಟ್ ಬೀಳದಿದ್ದರೂ ರಾತ್ರಿ 50 ಡಿಗ್ರಿಗಿಂತ (10 ಡಿಗ್ರಿ ಸೆಲ್ಸಿಯಸ್) ಕೆಳಗೇ ಇದ್ದರೆ ಮುನಿಸಿಕೊಂಡು ಕೂರುತ್ತವೆ, ಬೆಳೆಯುವುದಿಲ್ಲ. ಬೆಂಡೆ ಬೀಜ ಮಣ್ಣು 65 ಡಿಗ್ರಿ ಆಗುವವರೆಗೆ ಮೊಳೆಯಲು ಮನಸ್ಸೇ ಮಾಡುವುದಿಲ್ಲ, ತಣ್ಣನೆ ಹಸಿ ಮಣ್ಣಲ್ಲಿ ಕೊಳೆತುಹೋಗುತ್ತದೆ. ಆದ್ದರಿಂದ ಹೊದಿಕೆ ಇದೆ ಅಂತ ಹೀರೆ, ಬೆಂಡೆಯನ್ನು ಏಪ್ರಿಲ್‌ನಲ್ಲಿ ಹಾಕಬೇಡಿ. ಟೊಮೆಟೊವನ್ನು ಕೊನೆಯ ಫ್ರಾಸ್ಟಿನ ತಾರೀಖಿಗಿಂತ ಒಂದು, ಒಂದೂವರೆ ವಾರ ಮುಂಚೆ ನೆಡಬಹುದು. ಅದಕ್ಕಿಂತ ಜಾಸ್ತಿ ಆತುರದಿಂದ ಲಾಭ ಇಲ್ಲ. ಮೇ ಕೊನೆಯಲ್ಲಿ ನೆಟ್ಟ ಪಕ್ಕದ ಮನೆಯವರ ಸಸಿ ಜೂನ್ ಹೊತ್ತಿಗೆ ನಿಮ್ಮದನ್ನು ಹಿಂದಿಕ್ಕಿರುತ್ತದೆ.

ಮನೆಯೊಳಗೆ ಬೆಳೆಸಿದ ಸಸಿಯಾದರೆ ನೇರ ಮಡಿಗೆ ಇಳಿಸಬೇಡಿ. ಮೊದಲ ದಿನ ಒಂದೆರಡು ಗಂಟೆ ನೆರಳಲ್ಲಿ ಹೊರಗಿಡಿ, ದಿನ ದಿನಕ್ಕೂ ಸಮಯ ಹೆಚ್ಚಿಸಿ, ನಿಧಾನವಾಗಿ ಬಿಸಿಲಿಗೆ ತನ್ನಿ. 7ರಿಂದ 10 ದಿನ ಹೀಗೆ ಪಳಗಿಸಿ. ಒಳಗೇ ಬೆಳೆದದ್ದಕ್ಕೆ ಗಾಳಿ, ಬಿಸಿಲು ಎರಡೂ ಹೊಸದು.

ಕಮಾನು ಕಟ್ಟುವುದು

ಬಟ್ಟೆಯನ್ನು ಸಸಿಯ ಮೇಲೇ ಹಾಸಬಹುದು, ಒಂದು ರಾತ್ರಿಗೆ ಪರವಾಗಿಲ್ಲ. ಆದರೆ ಇಬ್ಬನಿಗೆ ನೆನೆದ ಬಟ್ಟೆ ಭಾರವಾಗಿ ಸಸಿಯ ಕತ್ತು ಮುರಿಯುತ್ತದೆ. ಬಟ್ಟೆಗೆ ಅಂಟಿದ ಎಲೆಗೆ ಚಳಿ ತಟ್ಟುತ್ತದೆ. ಅದಕ್ಕೆ ಕಮಾನು ಬೇಕು. ಒಂದು ಸಲ ಮಾಡಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಚಳಿ ಬರುವ ಸಂಜೆ ಟಾರ್ಚ್ ಹಿಡಿದು ಮಾಡುವ ಕೆಲಸ ಅಲ್ಲ, ಮಾರ್ಚ್‌ನಲ್ಲೇ ಒಂದು ಶನಿವಾರ ಮುಗಿಸಿ.

4×8 ಅಡಿಯ ಒಂದು ಮಡಿಗೆ ಬೇಕಾದ್ದು: ಅರ್ಧ ಇಂಚಿನ, 10 ಅಡಿ ಉದ್ದದ ಪಿವಿಸಿ ಪೈಪು ನಾಲ್ಕು ಅಥವಾ ಐದು. ಎರಡು ಅಡಿ ಉದ್ದದ ಕಬ್ಬಿಣದ ಸರಳು, ಪೈಪೊಂದಕ್ಕೆ ಎರಡರಂತೆ. ಸರಳು ಪೈಪಿನೊಳಗೆ ಹೋಗುವಷ್ಟು ಸಣ್ಣದಿರಲಿ, ಅಂಗಡಿಯಲ್ಲೇ ತೂರಿಸಿ ನೋಡಿ.

ಮೊದಲು ಪೈಪನ್ನು 7 ಅಥವಾ 8 ಅಡಿಗೆ ಕತ್ತರಿಸಿ. ಪೂರ್ತಿ 10 ಅಡಿ ಬಿಟ್ಟರೆ ಕಮಾನು ಗೋಪುರವಾಗುತ್ತದೆ, ಒಳಗೆ ಗಾಳಿ ಜಾಸ್ತಿ ತುಂಬುತ್ತದೆ. ಮಣ್ಣು ಅಷ್ಟನ್ನೂ ಬೆಚ್ಚಗಿಡಬೇಕು ಅಲ್ವಾ? ಸಸಿಯ ತಲೆಗಿಂತ ಒಂದು ಗೇಣು ಮೇಲಿದ್ದರೆ ಸಾಕು.

ಆಮೇಲೆ ಮಡಿಯ ಉದ್ದದ ಎರಡು ಬದಿಯಲ್ಲಿ, ಹಲಗೆಯ ಒಳಮಗ್ಗುಲಿಗೆ, ಎದುರುಬದುರಾಗಿ ಸರಳು ಹೊಡೆಯಿರಿ. ಎರಡರಿಂದ ಎರಡೂವರೆ ಅಡಿಗೆ ಒಂದು. ಒಂದು ಅಡಿಯಾದರೂ ಮಣ್ಣೊಳಗೆ ಇಳಿಯಬೇಕು, ಮೇಲೆ ಆರೇಳು ಇಂಚು ಉಳಿದರೆ ಸಾಕು. ಪೈಪಿನ ಒಂದು ತುದಿಯನ್ನು ಈ ಬದಿಯ ಸರಳಿಗೆ ತೂರಿಸಿ, ಬಗ್ಗಿಸಿ, ಇನ್ನೊಂದು ತುದಿಯನ್ನು ಆ ಬದಿಗೆ ತೂರಿಸಿ. ತಣ್ಣಗಿದ್ದಾಗ ಪಿವಿಸಿ ಸೀಳುತ್ತದೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟು ಬಗ್ಗಿಸಿ. ಮೇಲೆ ಉದ್ದಕ್ಕೂ ಒಂದು ಪೈಪೋ ಬಿದಿರು ಕೋಲೋ ಕಟ್ಟಿ. ಇದಿಲ್ಲದಿದ್ದರೆ ಬಟ್ಟೆ ಕಮಾನುಗಳ ನಡುವೆ ಜೋತು, ಅಲ್ಲಿ ನೀರು ನಿಲ್ಲುತ್ತದೆ.

ಇಷ್ಟು ಕಷ್ಟ ಬೇಡ ಅನ್ನುವವರು ಮಡಿಯ ಮೂಲೆಗಳಲ್ಲಿ ಗೂಟ ನೆಟ್ಟು ಹಗ್ಗ ಎಳೆದು ಬಟ್ಟೆ ಹಾಕಿದರೂ ನಡೆಯುತ್ತದೆ. ಟೊಮೆಟೊಗೆ ಇಡುವ ತಂತಿ ಪಂಜರವೇ ಎಷ್ಟೋ ಸಲ ಕಮಾನಿನ ಕೆಲಸ ಮಾಡುತ್ತದೆ.

ಏನು ಹೊದಿಸುವುದು

ಎಲ್ಲಕ್ಕಿಂತ ಒಳ್ಳೆಯದು ರೋ ಕವರ್ ಅನ್ನುವ ಬಿಳಿ ಬಟ್ಟೆ. ನೇಯ್ದದ್ದಲ್ಲ, ಎಳೆಗಳನ್ನು ಒತ್ತಿ ಅಂಟಿಸಿದ್ದು. ಬೆಳಕೂ ಮಳೆನೀರೂ ಒಳಗೆ ಹೋಗುತ್ತವೆ. ತೂಕ ನೋಡಿ ಕೊಳ್ಳಬೇಕು. ಚದರ ಗಜಕ್ಕೆ ಅರ್ಧ ಔನ್ಸ್ ಇರುವುದು ಹುಳ ತಡೆಯಲಷ್ಟೇ, ಚಳಿಗೆ ಅದು ಲೆಕ್ಕಕ್ಕಿಲ್ಲ. ಸುಮಾರು ಒಂದು ಔನ್ಸಿನದು ಎರಡರಿಂದ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಕಾಪಾಡುತ್ತದೆ. ಒಂದೂವರೆಯಿಂದ ಎರಡು ಔನ್ಸಿನದು ಆರರಿಂದ ಎಂಟು ಡಿಗ್ರಿ. ದಪ್ಪ ಆದಷ್ಟೂ ಬೆಳಕು ಕಮ್ಮಿ, ಹಾಗಾಗಿ ದಪ್ಪದ್ದನ್ನು ರಾತ್ರಿಗೆ ಮಾತ್ರ ಹಾಕಿ ಬೆಳಗ್ಗೆ ತೆಗೆಯಿರಿ. ನನ್ನ ಹತ್ತಿರ ಒಂದು ಔನ್ಸಿನದು ಎರಡು ಇವೆ. ಸಾಧಾರಣ ಚಳಿಗೆ ಒಂದು, ಜೋರು ಚಳಿಗೆ ಎರಡೂ. ಎರಡರ ನಡುವೆ ನಿಂತ ಗಾಳಿಯೂ ಒಂದು ಹೊದಿಕೆಯೇ.

ಕೊಳ್ಳುವ ಮೊದಲು ಮನೆಯಲ್ಲಿ ಏನಿದೆ ನೋಡಿ. ಹಳೆಯ ಬೆಡ್‌ಶೀಟ್, ಪಂಚೆ, ತೆಳುವಾದ ಕಂಬಳಿ ಎಲ್ಲವೂ ಆಗುತ್ತದೆ. ನನಗೆ ಬಹಳ ಉಪಯೋಗಕ್ಕೆ ಬಂದದ್ದು ಹಳೆಯ ಕಾಟನ್ ಸೀರೆ. ಐದೂವರೆ ಗಜ, ಅಂದರೆ ಸುಮಾರು 16 ಅಡಿ ಉದ್ದ. ಅಗಲ 4 ಅಡಿಗಿಂತ ಕಮ್ಮಿ ಇರುವುದರಿಂದ ಒಂದು ಸೀರೆಯನ್ನು ಎರಡು ತುಂಡು ಮಾಡಿ, ಅಕ್ಕಪಕ್ಕ ಸೇರಿಸಿ ಹೊಲಿದರೆ 8 ಅಡಿ ಉದ್ದ, ಏಳೂವರೆ ಅಡಿ ಅಗಲದ ಹೊದಿಕೆ ಆಯಿತು. ತಗ್ಗಿನ ಕಮಾನಿನ ಮಡಿಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ, ಎರಡು ತುದಿಗೆ ಮಾತ್ರ ಬೇರೆ ತುಂಡು ಬೇಕು. ತೆಳು ಸೀರೆಯಾದರೆ ಎರಡು ಪದರ ಹಾಕಿ. ರೇಷ್ಮೆ ಬೇಡ, ಕೇಳಿದರೂ ಯಾರೂ ಕೊಡುವುದಿಲ್ಲ.

ಪ್ಲಾಸ್ಟಿಕ್ ಹಾಳೆ ಬಗ್ಗೆ ಎಚ್ಚರ. ಸುಲಭಕ್ಕೆ ಸಿಗುತ್ತದೆ, ಗಾಳಿ ಚೆನ್ನಾಗಿ ತಡೆಯುತ್ತದೆ. ಆದರೆ ಮಾಮೂಲಿ ತೆಳು ಪ್ಲಾಸ್ಟಿಕ್ಕು ಮಣ್ಣಿನ ಕಾವನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಅದಕ್ಕೆ ತಗುಲಿದ ಎಲೆ ಅಲ್ಲೇ ಸುಡುತ್ತದೆ. ಬೆಳಗ್ಗೆ ತೆಗೆಯಲು ಮರೆತರೆ ಒಳಗೆಲ್ಲ ಇಡ್ಲಿ ಪಾತ್ರೆಯೇ. ಹಾಕಲೇಬೇಕು ಅಂತಿದ್ದರೆ ಒಳಗೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ.

ಮುನ್ಸೂಚನೆ ಓದುವ ರೀತಿ

ಫೋನು 36 ಡಿಗ್ರಿ ಅಂತ ತೋರಿಸುತ್ತದೆ. ನೀರು ಹೆಪ್ಪುಗಟ್ಟುವುದು 32ಕ್ಕೆ, ಇನ್ನೂ ನಾಲ್ಕು ಡಿಗ್ರಿ ಇದೆ ಅಂತ ಸುಮ್ನೆ ಮಲಗಬೇಡಿ. ಹವಾಮಾನದವರು ಅಳೆಯುವುದು ನೆಲದಿಂದ ಸುಮಾರು ಐದಾರು ಅಡಿ ಎತ್ತರದ ಗಾಳಿಯನ್ನು. ನಿಮ್ಮ ಸಸಿ ಇರುವುದು ಅರ್ಧ ಅಡಿಯಲ್ಲಿ. ಗಾಳಿಯಾಡದ ಶುಭ್ರ ರಾತ್ರಿಯಲ್ಲಿ ಅಲ್ಲಿ ನಾಲ್ಕೈದು ಡಿಗ್ರಿ ಕಮ್ಮಿ ಇರುವುದು ಸಾಮಾನ್ಯ.

ಅಮೆರಿಕದ ಹವಾಮಾನ ಇಲಾಖೆ ಇದಕ್ಕೇ ಎರಡು ಬಗೆಯ ಎಚ್ಚರಿಕೆ ಕೊಡುತ್ತದೆ. 33ರಿಂದ 36 ಡಿಗ್ರಿ ಅಂದಾಜಿದ್ದರೆ ಫ್ರಾಸ್ಟ್ ಅಡ್ವೈಸರಿ. 32 ಅಥವಾ ಅದಕ್ಕಿಂತ ಕೆಳಗಾದರೆ ಫ್ರೀಜ್ ವಾರ್ನಿಂಗ್. ಮೊದಲನೆಯದಕ್ಕೆ ಒಂದು ಹೊದಿಕೆ ಸಾಕು. ಎರಡನೆಯದಕ್ಕೆ ಎರಡು ಹೊದಿಕೆ, ಜತೆಗೆ ಒಳಗಿಡಲು ನೀರು ತುಂಬಿದ ಕ್ಯಾನು (ಅದರ ಬಗ್ಗೆ ಮುಂದೆ ಹೇಳುತ್ತೇನೆ). 28ಕ್ಕೆ ಇಳಿಯುತ್ತದೆ ಅಂದರೆ ಟೊಮೆಟೊ ಇನ್ನೂ ಕುಂಡದಲ್ಲಿದ್ದರೆ ಒಳಗೆ ತಂದುಬಿಡಿ, ಹೀರೋ ಆಗಲು ಹೋಗಬೇಡಿ.

ಉಷ್ಣತೆಯ ಜತೆ ಇನ್ನು ಮೂರು ನೋಡಿ: ಮೋಡ, ಗಾಳಿ, ಡ್ಯೂ ಪಾಯಿಂಟ್. ರಾತ್ರಿ ಮೋಡ ಇದ್ದರೆ ಬಚಾವ್. ಗಾಳಿ ಮೆಲ್ಲಗೆ ಆಡುತ್ತಿದ್ದರೆ ಮೇಲಿನ ಬೆಚ್ಚಗಿನ ಗಾಳಿ ಕೆಳಗೆ ಬೆರೆಯುತ್ತದೆ, ಅದೂ ಒಳ್ಳೆಯದೇ. ಡ್ಯೂ ಪಾಯಿಂಟ್ ಅಂದರೆ ಇಬ್ಬನಿ ಕಟ್ಟಲು ಶುರುವಾಗುವ ಉಷ್ಣತೆ. ಅದು 45 ಇದ್ದರೆ ಗಾಳಿಯ ಪಸೆಯೇ ಚಳಿಗೆ ತಡೆ ಹಾಕುತ್ತದೆ. ಅದು 25 ಅಂತಿದ್ದು, ಆಕಾಶ ಶುಭ್ರವಾಗಿದ್ದು, ಸಂಜೆ ಆರಕ್ಕೆ ಗಾಳಿ ಸತ್ತುಹೋಗಿದ್ದರೆ ಮುನ್ಸೂಚನೆ ಏನೇ ಹೇಳಲಿ, ನಾನು ಮುಚ್ಚುತ್ತೇನೆ.

ಕನಿಷ್ಠ, ಗರಿಷ್ಠ ಉಷ್ಣತೆ ಎರಡನ್ನೂ ನೆನಪಿಟ್ಟುಕೊಂಡು ತೋರಿಸುವ ಒಂದು ಅಗ್ಗದ ಮಿನ್-ಮ್ಯಾಕ್ಸ್ ಥರ್ಮಾಮೀಟರ್ ಕೊಂಡು ಸಸಿಯ ಎತ್ತರದಲ್ಲಿ ಮಡಿಯೊಳಗೇ ಇಡಿ. ಫೋನಿನ ಅಂಕಿಗೂ ನಿಮ್ಮ ಮಡಿಯ ಅಂಕಿಗೂ ಎಷ್ಟು ಅಂತರ ಅಂತ ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ. ನನ್ನ ಮಡಿ ಫೋನಿಗಿಂತ ಐದು ಡಿಗ್ರಿ ಕೆಳಗಿರುತ್ತದೆ.

ಆ ದಿನ

ಬೆಳಗ್ಗೆಯೇ ಮಡಿಗೆ ನೀರು ಹಾಕಿ. ಇದನ್ನು ಎಷ್ಟೋ ಜನ ನಂಬುವುದಿಲ್ಲ. ಚಳಿಗೆ ನೀರಾ ಅನ್ನುತ್ತಾರೆ. ಒಣ ಮಣ್ಣಿನ ಸಂದಿಯಲ್ಲೆಲ್ಲ ಗಾಳಿ, ಅದರಲ್ಲಿ ಕಾವು ಇಳಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಒದ್ದೆ ಮಣ್ಣು ಹಗಲು ಜಾಸ್ತಿ ಕಾವು ಹಿಡಿದುಕೊಂಡು ರಾತ್ರಿ ಮೇಲಕ್ಕೆ ಸಾಗಿಸುತ್ತದೆ. ನ್ಯೂಜೆರ್ಸಿಯ ದಕ್ಷಿಣದಲ್ಲಿ ಪೈನ್ ಬ್ಯಾರೆನ್ಸ್ ಅನ್ನುವ ಮರಳು ನೆಲದ ಕಾಡಿದೆ. ಸುತ್ತಲಿನ ಊರುಗಳಿಗಿಂತ ಅಲ್ಲಿ ಶುಭ್ರ ರಾತ್ರಿಗಳು ಬಹಳ ತಣ್ಣಗಿರುತ್ತವೆ, ಒಣ ಮರಳು ಕಾವು ಹಿಡಿದುಕೊಳ್ಳದಿರುವುದೇ ಅದಕ್ಕೆ ಒಂದು ಕಾರಣ. ಏರುಮಡಿಗೆ ನಾವು ತುಂಬುವ ಹಗುರ ಮಣ್ಣು, ಕಾಂಪೋಸ್ಟು ಕೂಡ ಬೇಗ ಒಣಗುವ ಜಾತಿಯೇ. ಆದ್ದರಿಂದ ನೀರು ಹಾಕಿ, ಆದರೆ ಬುಡಕ್ಕೆ. ಎಲೆ ಒದ್ದೆ ಮಾಡಬೇಡಿ.

ಮಡಿಯ ಮೇಲೆ ಒಣಹುಲ್ಲು ಹಾಸಿದ್ದರೆ ಬೆಳಗ್ಗೆ ಅದನ್ನು ಬದಿಗೆ ಸರಿಸಿ, ಬಿಸಿಲು ಮಣ್ಣಿಗೆ ಬೀಳಲಿ. ಒಣಹುಲ್ಲು ಮಣ್ಣಿಗೆ ಹೊದಿಕೆ, ಕಾವನ್ನು ಕೆಳಗೇ ಹಿಡಿದಿಟ್ಟುಕೊಂಡು ಸಸಿಗೆ ಕೊಡುವುದಿಲ್ಲ.

ಮುಚ್ಚುವುದು ಸೂರ್ಯ ಮುಳುಗುವ ಮೊದಲು. ಊಟ ಮಾಡಿ, ಪಾತ್ರೆ ತೊಳೆದು, ಒಂಬತ್ತಕ್ಕೆ ಹೋದರೆ ಅಷ್ಟರಲ್ಲಿ ಅರ್ಧ ಕಾವು ಹೋಗಿರುತ್ತದೆ. ಸಂಜೆ ಮಣ್ಣಿಗೆ ಕೈಯಿಟ್ಟರೆ ಬೆಚ್ಚಗೆ ತಗಲುವಾಗಲೇ ಹೊದಿಸಿ. ಬಟ್ಟೆ ಎಲ್ಲ ಬದಿಗೂ ನೆಲದವರೆಗೆ, ಹಲಗೆಯ ಹೊರಗೂ ಇಳಿಯಬೇಕು. ಹಲಗೆಯನ್ನೂ ಮುಚ್ಚಿದರೆ ಬದಿಯಿಂದ ತಣ್ಣಗಾಗುವುದು ಕಮ್ಮಿ. ಕಮಾನಿಗೆ ಕ್ಲಿಪ್ ಹಾಕಿ, ಕೆಳಗೆ ಇಟ್ಟಿಗೆ, ಕಲ್ಲು, ಮರಳು ಚೀಲ ಇಡಿ. ಎರಡು ತುದಿ ಮರೆಯಬೇಡಿ. ಚಳಿಗಾಲದಲ್ಲಿ ಕಂಬಳಿ ಹೊದ್ದು ಕಾಲು ಹೊರಗೆ ಬಿಟ್ಟವರಿಗೆ ಇದು ಗೊತ್ತು.

ಮೆಂತ್ಯ, ಪಾಲಕ್ ಕೀಳುವಷ್ಟು ಬಂದಿದ್ದರೆ ಅದೇ ಸಂಜೆ ಕಿತ್ತು ಪಲ್ಯ ಮಾಡಿ. ಅಷ್ಟು ಕಮ್ಮಿ ಚಿಂತೆ.

ಇನ್ನೊಂದಿಷ್ಟು ಕಾವು ಬೇಕಾದರೆ

ಒಂದು ಗ್ಯಾಲನ್ ಕ್ಯಾನುಗಳಿಗೆ ನೀರು ತುಂಬಿ ಮಧ್ಯಾಹ್ನ ಬಿಸಿಲಲ್ಲಿಟ್ಟು, ಸಂಜೆ ಕಮಾನಿನೊಳಗೆ ಸಸಿಗಳ ನಡುವೆ ಇಡಿ. ಬಿಸಿನೀರೇ ತುಂಬಿದರೆ ಇನ್ನೂ ಒಳ್ಳೆಯದು, ಎಲೆಗೆ ತಾಗದಿರಲಿ. ತಣ್ಣಗಾಗುತ್ತಾ ರಾತ್ರಿಯೆಲ್ಲ ಕಾವು ಬಿಡುತ್ತದೆ. ನೀರು ಹೆಪ್ಪುಗಟ್ಟುವಾಗಲೂ ಶಾಖ ಬಿಡುತ್ತದೆ ಅನ್ನುವುದು ಮಜಾ ವಿಷಯ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಹೊರಬೀಳುತ್ತದೆ. ಅಂದರೆ 80 ಡಿಗ್ರಿ ಸೆಲ್ಸಿಯಸ್‌ನ ನೀರು ಸೊನ್ನೆಗೆ ಇಳಿಯುವಾಗ ಬಿಡುವಷ್ಟೇ ಶಾಖ. ವಾಲ್ ಓ ವಾಟರ್ ಅನ್ನುವ, ಸಸಿಯ ಸುತ್ತ ನಿಲ್ಲಿಸುವ ನೀರು ತುಂಬಿದ ಪ್ಲಾಸ್ಟಿಕ್ ಬೇಲಿ ಕೆಲಸ ಮಾಡುವುದು ಇದೇ ಲೆಕ್ಕದಲ್ಲಿ. ಅದಕ್ಕೆ ಸುಮಾರು 3 ಗ್ಯಾಲನ್ ನೀರು ಹಿಡಿಯುತ್ತದೆ. ಟೊಮೆಟೊವನ್ನು ನಿಜವಾಗಿಯೂ ಬೇಗ ನೆಡಬೇಕು ಅನ್ನುವವರಿಗೆ ಇದೊಂದೇ ದುಡ್ಡಿಗೆ ತಕ್ಕ ವಸ್ತು ಅಂತ ನನ್ನ ಅಭಿಪ್ರಾಯ.

ಹಳೆ ಕಾಲದ ಕ್ರಿಸ್‌ಮಸ್ ದೀಪದ ಸರವನ್ನು ಒಳಗೆ ಹಾಕುವವರೂ ಇದ್ದಾರೆ. 7 ವಾಟಿನ ದಪ್ಪ ಬಲ್ಬು 25 ಇದ್ದರೆ 175 ವಾಟ್ ಶಾಖ, ಒಂದು ಮಡಿಗೆ ಧಾರಾಳ. ಈಗಿನ ಎಲ್‌ಇಡಿ ಸರ ತಣ್ಣಗಿರುತ್ತದೆ, ಅದು ನೋಡಲು ಚೆಂದ ಅಷ್ಟೇ. ಹೊರಗಿನ ಬಳಕೆಗೆ ಮಾಡಿದ ಸರ, ಶಾಕ್ ಹೊಡೆಯದಂತೆ ತಾನೇ ಆಫ್ ಆಗುವ ಸಾಕೆಟ್ ಇದ್ದರೆ ಮಾತ್ರ ಹಾಕಿ. ಬಲ್ಬು ಬಟ್ಟೆಗೆ ತಾಗಬಾರದು. ಮೇಣದಬತ್ತಿ, ಕೆಂಡ ಇಡುವ ಯೋಚನೆ ಮಾಡಬೇಡಿ.

ರಾತ್ರಿಯೆಲ್ಲ ನೀರು ಸಿಂಪಡಿಸುವ ಪದ್ಧತಿಯೂ ಇದೆ. ಪೈನ್ ಬ್ಯಾರೆನ್ಸ್‌ನ ಕ್ರ್ಯಾನ್‌ಬೆರಿ ಬೆಳೆಗಾರರು ಸ್ಪ್ರಿಂಕ್ಲರ್ ಬಿಟ್ಟು ಹೀಗೆ ಕಾಪಾಡುತ್ತಾರೆ. ನೀರು ಹೆಪ್ಪುಗಟ್ಟುತ್ತಲೇ ಇರುವಷ್ಟು ಹೊತ್ತು ಶಾಖ ಬಿಡುತ್ತಲೇ ಇರುತ್ತದೆ. ನಡುವೆ ನಿಂತರೆ ಮೊದಲಿಗಿಂತ ಹೆಚ್ಚು ಹಾಳು. ಪೈಪು ಹಿಡಿದು ಮನೆಯಲ್ಲಿ ಮಾಡುವಂಥದ್ದಲ್ಲ.

ಇನ್ನು ಒಂದು ಬಗೆಯ ಚಳಿಗೆ ಇದ್ಯಾವುದೂ ಪೂರ್ತಿ ಸಾಲದು. 2007ರ ಏಪ್ರಿಲ್‌ನಲ್ಲಿ ಈಸ್ಟರ್ ಸಮಯಕ್ಕೆ ಅಮೆರಿಕದ ಮಧ್ಯ ಮತ್ತು ಆಗ್ನೇಯ ಭಾಗಕ್ಕೆ ಬಂದದ್ದು ಅಂಥದ್ದು. ಮಾರ್ಚ್ ಬೆಚ್ಚಗಿದ್ದು ಎಲ್ಲ ಚಿಗುರಿತ್ತು, ಆಮೇಲೆ ದಿನಗಟ್ಟಲೆ ಚಳಿಗಾಳಿ ಬೀಸಿ ಹಣ್ಣಿನ ತೋಟ, ಗೋಧಿ ಎಲ್ಲ ಹಾಳಾಯಿತು. ಗಾಳಿ ಬೀಸುತ್ತಾ ಚಳಿ ಬಂದರೆ ಕಾವು ಬಟ್ಟೆಯಡಿ ನಿಲ್ಲುವುದಿಲ್ಲ. ಆಗ ಅಂಚುಗಳನ್ನು ಮಣ್ಣಿನಲ್ಲೇ ಹೂತು, ಮೇಲೆ ಪ್ಲಾಸ್ಟಿಕ್ ಹಾಕಿ, ಉಳಿದದ್ದು ಉಳಿಯಲಿ ಅಂತ ಬಿಡಬೇಕು. ಚಿಕ್ಕ ಸಸಿಗಳ ಮೇಲೆ ಮೊದಲು ಹಾಲಿನ ಕ್ಯಾನು, ಅದರ ಮೇಲೆ ಕಮಾನಿನ ಹೊದಿಕೆ ಹಾಕಿದರೆ ಉಳಿಯುವ ಸಾಧ್ಯತೆ ಜಾಸ್ತಿ.

ಬೆಳಗ್ಗೆ

ಅತಿ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಬೆಳಕಾಯಿತು ಅಂತ ಆರಕ್ಕೇ ತೆಗೆಯಬೇಡಿ. ಹೊರಗೆ 40 ಡಿಗ್ರಿ ದಾಟಲಿ. ರೋ ಕವರ್ ಆದರೆ ತಡವಾದರೂ ತೊಂದರೆ ಇಲ್ಲ. ಸೀರೆ, ಕಂಬಳಿ ಬೇಗ ತೆಗೆದರೆ ಒಳ್ಳೆಯದು, ಬೆಳಕು ಬೇಕಲ್ಲ, ಮಣ್ಣಿಗೂ ಮುಂದಿನ ರಾತ್ರಿಗೆ ಕಾವು ತುಂಬಿಕೊಳ್ಳಬೇಕು. ಪ್ಲಾಸ್ಟಿಕ್ ಇದ್ದರೆ ಆಫೀಸಿನ ಮೊದಲ ಮೀಟಿಂಗಿಗೆ ಮುಂಚೆ ತೆಗೆದಿರಬೇಕು. ಬಿಸಿಲು ಬಿದ್ದ ಒಂದೆರಡು ಗಂಟೆಯಲ್ಲಿ ಒಳಗೆ 90 ಡಿಗ್ರಿ ದಾಟುತ್ತದೆ. ಹಾಲಿನ ಕ್ಯಾನಿನ ಮುಚ್ಚಳ ತೆಗೆದಿಡಿ, ಬಿಸಿಲು ಜೋರಾದರೆ ಕ್ಯಾನನ್ನೇ ಎತ್ತಿ. ಚಳಿಯಿಂದ ಉಳಿಸಿದ ಸಸಿಯನ್ನು ಬಿಸಿಯಲ್ಲಿ ಬೇಯಿಸಿದವರು ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬ.

ಎಲೆ ಸುಟ್ಟಿದ್ದರೆ ತಕ್ಷಣ ಕತ್ತರಿಸಬೇಡಿ. ನೀರು ಹಾಕಿ, ಗೊಬ್ಬರ ಹಾಕಬೇಡಿ, ನಾಲ್ಕೈದು ದಿನ ಬಿಡಿ. ಎಷ್ಟು ಭಾಗ ಸತ್ತಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಕಾಂಡವನ್ನು ಉಗುರಿಂದ ಮೆಲ್ಲಗೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಟೊಮೆಟೊ ಬುಡದ ಹತ್ತಿರದ ಕಂಕುಳಿಂದ ಮತ್ತೆ ಚಿಗುರಬಹುದು. 2020ರಲ್ಲಿ ನನ್ನ ಎಂಟರಲ್ಲಿ ಎರಡು ಹಾಗೆ ಚಿಗುರಿದವು, ಆಗಸ್ಟ್ ಕೊನೆಗೆ ಸಾರಿಗೆ ಸಾಕಾಗುವಷ್ಟು ಕಾಯಿಯನ್ನೂ ಕೊಟ್ಟವು. ಬೀನ್ಸ್, ಸೌತೆ, ಹೀರೆ ಕಪ್ಪಾದರೆ ಮಾತ್ರ ಕಾಯುವುದು ದಂಡ, ಹೊಸ ಬೀಜ ಹಾಕಿ.

ಕೊನೆಯ ಫ್ರಾಸ್ಟ್ ಕಳೆದಮೇಲೆ ಹೊದಿಕೆಗಳನ್ನು ಪೂರ್ತಿ ಒಣಗಿಸಿ, ಮಣ್ಣು ಕೊಡವಿ, ಮಡಚಿ, ಇಲಿ ಕಡಿಯದ ಹಾಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗ್ಯಾರೇಜಿಗೆ ಹಾಕಿ. ಕ್ಲಿಪ್ಪುಗಳೂ ಅದರಲ್ಲೇ ಇರಲಿ. ಡಬ್ಬಿಯನ್ನು ತೀರಾ ಹಿಂದೆ ತಳ್ಳಬೇಡಿ, ಬದನೆ ಗಿಡ ತುಂಬ ಕಾಯಿ ಇರುವಾಗಲೇ ಅಕ್ಟೋಬರ್‌ನಲ್ಲಿ ಒಂದು ಸಂಜೆ ಫೋನು ಮತ್ತೆ 36 ಅಂತ ತೋರಿಸುತ್ತದೆ.